ಮೂರನೇ ಮಹಡಿಯ ಸಂಸತ್ತು

ನಮ್ಮ ಅತ್ತಿಗೆಗೆ ಪುಸ್ತಕದ ವಿಷಯ ತಲೆಗೆ ಹತ್ತುವುದಿಲ್ಲ, ಮನುಷ್ಯರ ವಿಷಯ ತಲೆಯಿಂದ ಇಳಿಯುವುದಿಲ್ಲ.

ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ಕೆಲಸ ಅವರದು. ಗಿರಾಕಿ ಬಾಗಿಲು ತಳ್ಳಿಕೊಂಡು ಒಳಗೆ ಬರುವಷ್ಟರಲ್ಲಿ ಅವರ ಕೋಟು ಕೌಂಟರಿನ ಮೇಲೆ ಕೂತಿರುತ್ತದೆ. ಟೋಕನ್ ಕೇಳುವ ಮಾತೇ ಇಲ್ಲ. ಯಾರ ಅಂಗಿಗೆ ಯಾವ ಮದುವೆಯಲ್ಲಿ ಕಲೆಯಾಯಿತು, ಆ ಮದುವೆಗೆ ಯಾವ ಅತ್ತೆ ಮುನಿಸಿಕೊಂಡು ಬರಲಿಲ್ಲ, ಎಲ್ಲ ಬಾಯಿಪಾಠ. ಅದೇ ಅತ್ತಿಗೆಯ ಮುಂದೆ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ ತೆರೆದಿಟ್ಟರೆ ಕಣ್ಣು ಹಾಗೇ ಮಂಜಾಗಿಬಿಡುತ್ತದೆ, ಕನ್ನಡಕದ ಮೇಲೆ ಯಾರೋ ಉಸಿರು ಬಿಟ್ಟ ಹಾಗೆ.

ನಾವಿಬ್ಬರೂ ಕೂತಿದ್ದು ರಾಜ್ಯ ಸರ್ಕಾರದ ಆಡಳಿತ ಸೇವೆಯ ಪರೀಕ್ಷೆಗೆ. ಮೊದಲು ಪ್ರಿಲಿಮ್ಸ್, ನಾಲ್ಕರಲ್ಲಿ ಒಂದು ಉತ್ತರ ಆರಿಸಿ ಗುಂಡಗೆ ಕಪ್ಪು ಮಾಡುವುದು. ಅದು ದಾಟಿದರೆ ಮೇನ್ಸ್, ಪುಟಗಟ್ಟಲೆ ಬರೆಯುವುದು. ಅತ್ತಿಗೆ ಇದುವರೆಗೆ ಪ್ರಿಲಿಮ್ಸ್ ದಾಟಿದವರಲ್ಲ. ಮುಂದಿನ ವರ್ಷಕ್ಕೆ ಅವರ ವಯಸ್ಸು ಮೀರುತ್ತದೆ, ಅರ್ಜಿ ಹಾಕುವ ಹಾಗೂ ಇಲ್ಲ. ಈ ಸಲ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ನನ್ನದೇನು, ಮೊದಲ ಸಲ. ಇನ್ನೂ ಹತ್ತು ವರ್ಷ ಆರಾಮಾಗಿ ಫೇಲಾಗುವಷ್ಟು ವಯಸ್ಸು ನನ್ನ ಹತ್ತಿರ ಬಾಕಿ ಇದೆ.

ಮನೆಯಲ್ಲಿ ಅಮ್ಮನ ಕುಕ್ಕರ್, ಅಣ್ಣನ ಟಿವಿ. ಅದಕ್ಕೇ ನಾವು ಓದುತ್ತಿದ್ದದ್ದು ತಾರಸಿಯಲ್ಲಿ. ನೀರಿನ ಟ್ಯಾಂಕಿನ ನೆರಳು, ಪಕ್ಕದಲ್ಲಿ ಗಾಳಿ ಬರುವ ಒಂದು ಚೌಕಾಕಾರದ ಕಿಂಡಿ, ಅದರ ಮೋಟುಗೋಡೆಗೆ ಒರಗಿದರೆ ಬೆನ್ನಿಗೂ ತಂಪು.

"ಪಿಟ್ಯುಟರಿ ಗ್ರಂಥಿ," ಎಂದು ಒಂದು ಸಂಜೆ ನಾನು ಓದಿದೆ. "ಮೆದುಳಿನ ಕೆಳಗಡೆ ಇರುತ್ತೆ. ಉಳಿದ ಗ್ರಂಥಿಗಳನ್ನ ಹತೋಟಿಯಲ್ಲಿ ಇಡುತ್ತೆ. ಎಲ್ಲಿ, ಹೇಳಿ ಅತ್ತಿಗೆ."

"ಅದೇ... ಏನೋ ಟರಿ."

"ಪೂರ್ತಿ ಹೇಳಿ."

"ಮೊದಲು ನೀನು ಒಂದು ವಿಷಯ ಹೇಳು. ಈ ಪಿಟ್ಯುಟರಿ ಎಂಥ ಮನುಷ್ಯ? ಜೋರಾ, ಸಾಧುನಾ? ಅದೇ ಗೊತ್ತಿಲ್ದೆ ಸುಮ್ನೆ ಹೆಸರು ಕೊಟ್ರೆ ನಾನು ಎಲ್ಲಿ ಅಂತ ಇಟ್ಕೊಳ್ಳಲಿ?"

ನನಗೆ ನಗು ತಡೆಯಲಿಲ್ಲ. "ಇರೋದು ಬಟಾಣಿ ಕಾಳಿನಷ್ಟು, ಮಾಡೋದು ಎಲ್ಲರ ಮೇಲೂ ದರ್ಬಾರು."

"ನಮ್ಮ ಮಾಲೀಕರು ಅನ್ನು ಮತ್ತೆ!"

ಕಟ್ಟಡದ ಮಾಲೀಕರು ನೆಲಮಹಡಿಯಲ್ಲಿದ್ದಾರೆ. ಆಳು ನನ್ನ ಭುಜದಷ್ಟು. ನೀರಿನ ವಾಲ್ವು, ಲಿಫ್ಟಿನ ಬೀಗ, ಗೇಟಿನ ಬೀಗ, ಎಲ್ಲದರ ಕೀಲಿಯೂ ಅವರ ಸೊಂಟದಲ್ಲಿ. ಅವರು ಮನಸ್ಸು ಮಾಡಿದರೆ ನಾವು ಸ್ನಾನ ಮಾಡುತ್ತೇವೆ, ಇಲ್ಲದಿದ್ದರೆ ಮುಖ ತೊಳೆದುಕೊಂಡು ಹೋಗುತ್ತೇವೆ.

ಮರುದಿನ ಬೆಳಗ್ಗೆ ಹಲ್ಲುಜ್ಜುತ್ತಾ ಇದ್ದ ಅತ್ತಿಗೆ ಬ್ರಷ್ ತೆಗೆದು, ನಾನು ಕೇಳದೆಯೇ, ಪಿಟ್ಯುಟರಿ ಎಲ್ಲಿದೆ, ಎಷ್ಟಿದೆ, ಯಾರ್ಯಾರನ್ನು ಆಳುತ್ತದೆ, ಎಲ್ಲ ಒಪ್ಪಿಸಿದರು. ಬಾಯಲ್ಲಿ ನೊರೆ ಇತ್ತು, ತಪ್ಪು ಒಂದೂ ಇರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ.

ನಮ್ಮ ಪಕ್ಕದ ಮನೆಯ ಆಂಟಿ ಎಂಥ ಸೆಖೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡೇ ಇರುತ್ತಾರೆ, ಅದರ ಮೇಲೆ ಚಿಟ್ಟೆಯ ಚಿತ್ರ. ಅವರು ಥೈರಾಯ್ಡ್. ಕುತ್ತಿಗೆಯಲ್ಲಿರುವುದು, ಚಿಟ್ಟೆಯ ಆಕಾರ. ಅಯೋಡಿನ್ ಬೇಕು ಎನ್ನುವುದಕ್ಕೆ, ಆಂಟಿ ಆಗಾಗ ನಮ್ಮ ಮನೆಗೆ ಉಪ್ಪು ಕೇಳಿಕೊಂಡು ಬರುತ್ತಾರಲ್ಲ, ಅದೇ ಸಾಕಾಯಿತು. ಗೇಟಿನ ವಾಚ್‌ಮನ್ ಪೀನಿಯಲ್ ಗ್ರಂಥಿ. ಅದರಿಂದ ಬರುವುದು ಮೆಲಟೋನಿನ್, ಮೆಲಟೋನಿನ್‌ನಿಂದ ಬರುವುದು ನಿದ್ದೆ. ವಾಚ್‌ಮನ್ ಅವರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಶಿಲೆಗಳ ಪಾಠಕ್ಕೆ ಬಂದಾಗ ಅತ್ತಿಗೆ ನನ್ನನ್ನು ತಡೆದರು. "ರೂಪಾಂತರ ಶಿಲೆ ನಾನೇ ಕಣೇ. ಶಾಖ ಮತ್ತು ಒತ್ತಡದಿಂದ ಆಗುತ್ತೆ ಅಂದ್ಯಲ್ಲ? ನಿಮ್ಮನೆಗೆ ಬಂದಾಗ ನಾನು ಮೆತ್ತಗೆ ಸುಣ್ಣದಕಲ್ಲು ಆಗಿದ್ದೆ. ಈಗ ನೋಡು, ಅಮೃತಶಿಲೆ."

ಆದರೆ ಎಲ್ಲಕ್ಕಿಂತ ದೊಡ್ಡ ಬೆಳೆ ಬಂದದ್ದು ಮೂರನೇ ಮಹಡಿಯಿಂದ.

ಅಲ್ಲಿ ಡ್ರೈವಿಂಗ್ ಸ್ಕೂಲಿನ ಮಾಸ್ತರು ಇದ್ದಾರೆ. ಮೆಟ್ಟಿಲಿಳಿಯುವಾಗಲೂ ಬಲಗಾಲಲ್ಲಿ ಇಲ್ಲದ ಬ್ರೇಕು ಒತ್ತುತ್ತಾರೆ. ಅವರ ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಜೊತೆಗೆ ಮಾಸ್ತರ ತಾಯಿ, ಸದಾ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಉಲ್ಲನ್ ಹೆಣೆಯುವ ಅಜ್ಜಿ. ಆ ಮನೆಯಲ್ಲಿ ಜಗಳವಿಲ್ಲದ ದಿನವಿಲ್ಲ, ಜಗಳಕ್ಕೆ ಕ್ರಮವಿಲ್ಲದ ದಿನವೂ ಇಲ್ಲ. ಮಸೂದೆ ಒಂದು ಹೇಗೆ ಕಾಯ್ದೆಯಾಗುತ್ತದೆ ಎನ್ನುವ ಪಾಠ ಅತ್ತಿಗೆಗೆ ಪ್ರತಿ ಸಲವೂ ಮಣ್ಣು ಮುಕ್ಕಿಸಿತ್ತು. ಈಗ ಅದನ್ನು ಅವರು ಕೈಬೆರಳಲ್ಲಿ ಆಡಿಸತೊಡಗಿದರು.

"ಮಾಸ್ತರು ಬಾಗಿಲಲ್ಲಿ ಚಪ್ಪಲಿ ಬಿಡ್ತಾ, 'ಫ್ರಿಜ್ ಬದಲಾಯಿಸ್ಬೇಕು' ಅಂತಾರೆ. ಅಷ್ಟೇ, ಒಳಗೆ ಹೋಗ್ತಾರೆ. ಚರ್ಚೆ ಇಲ್ಲ. ಮೊದಲನೇ ವಾಚನ. ಆಮೇಲೆ ಹೆಂಡ್ತಿ ಹಿಡ್ಕೋತಾರೆ. ಯಾವ ಬಣ್ಣ, ಎಲ್ಲಿಡೋದು, ಹಳೇದನ್ನ ಯಾರು ಇಳಿಸೋದು, ಒಂದೊಂದೇ ಬಿಡಿಸಿ ಬಿಡಿಸಿ ತಿದ್ದುಪಡಿ. ಎರಡನೇ ವಾಚನ. ಕೊನೆಗೆ ಬೇಕಾ ಬೇಡ್ವಾ, ಒಂದೇ ಮಾತು. ಮೂರನೇದು."

"ರಾಷ್ಟ್ರಪತಿ?"

"ಅಜ್ಜಿ! 'ಹೂಂ' ಅಂದ್ರೆ ಅಂಕಿತ. 'ಮತ್ತೊಂದ್ಸಲ ಯೋಚ್ನೆ ಮಾಡಿ' ಅಂದ್ರೆ ವಾಪಸ್ ಕಳಿಸಿದ ಹಾಗೆ, ಅದೂ ಒಂದೇ ಸಲ. ಏನೂ ಅನ್ದೆ ಹೆಣೀತಾ ಕೂತ್ರೆ..." ಅತ್ತಿಗೆ ಕಣ್ಣು ಮಿಟುಕಿಸಿದರು, "ಪಾಕೆಟ್ ವೀಟೋ."

ನಾನು ಅವರನ್ನು ತಬ್ಬಿಕೊಂಡು ತಾರಸಿಯಲ್ಲಿ ಒಂದು ಸುತ್ತು ತಿರುಗಿಸಿದೆ. ಒಣಹಾಕಿದ್ದ ಬೆಡ್‌ಶೀಟಿನೊಳಗೆ ಇಬ್ಬರೂ ಸಿಕ್ಕಿಕೊಂಡೆವು.

ಕೋಚಿಂಗ್ ಸೆಂಟರಿನ ಮಾಕ್ ಟೆಸ್ಟಿನಲ್ಲಿ ಅತ್ತಿಗೆಯ ಅಂಕ ಏರತೊಡಗಿತು. ಮೊದಲು ನಮ್ಮ ಮೇಷ್ಟ್ರು ಅವರ ಪಕ್ಕ ಕೂತವರನ್ನು ಅನುಮಾನದಿಂದ ನೋಡಿದರು. ಆಮೇಲೆ ಅತ್ತಿಗೆಯನ್ನು ಒಬ್ಬರನ್ನೇ ಕೂರಿಸಿದರು. ಆಗ ಇನ್ನೂ ಏರಿತು. ಪರೀಕ್ಷೆಗೆ ಇನ್ನು ಕೆಲವೇ ವಾರ. ಅಣ್ಣ ಕೂಡ ಟಿವಿಯ ಸದ್ದು ತಗ್ಗಿಸಿ, "ಏನೋ ಆಗೋ ಹಾಗಿದೆಯಲ್ಲೇ," ಎಂದ.

ಅಷ್ಟರಲ್ಲಿ ಮಫ್ಲರ್ ಆಂಟಿ ಮೆಟ್ಟಿಲಲ್ಲಿ ನಮ್ಮನ್ನು ಅಡ್ಡಗಟ್ಟಿದರು.

"ನಾನು ಥೈರಾಯ್ಡ್ ಅಂತೆ?"

ನನ್ನ ಕೈಲಿದ್ದ ಪುಸ್ತಕ ಎರಡು ಮೆಟ್ಟಿಲು ಕೆಳಗೆ ಹೋಯಿತು. ಅತ್ತಿಗೆ, "ಯಾರು ಹೇಳಿದ್ದು ಆಂಟಿ?" ಎಂದರು, ಸ್ವರ ಇಲಿಯದು.

"ಯಾರು ಹೇಳ್ಬೇಕು? ದಿನಾ ಬಾತ್‌ರೂಮಿನಲ್ಲಿ ಕೇಳಿಸ್ತಾ ಇದೆ. ನೀವು ಒರಗಿಕೊಳ್ಳೋ ಆ ಕಿಂಡಿ ಇದೆಯಲ್ಲ, ಅದು ಸೀದಾ ಕೆಳಗಿನ ತನಕ ಹೋಗುತ್ತೆ. ಎಲ್ಲರ ಬಾತ್‌ರೂಮಿನ ಕಿಟಕಿನೂ ಅದಕ್ಕೇ ತೆರೆಯೋದು. ಇಡೀ ಕಟ್ಟಡ ನಿಮ್ಮ ಪಾಠ ಕೇಳ್ಕೊಂಡೇ ಸ್ನಾನ ಮಾಡ್ತಿದೆ ತಾಯಿ."

ಅವರು ಬೈಯುತ್ತಾರೆ ಎಂದುಕೊಂಡೆ. ಅವರು ನನ್ನ ಮುಖದ ಹತ್ತಿರಕ್ಕೆ ಬಂದು ಮೆಲ್ಲಗೆ ಕೇಳಿದರು: "ಅದು ಮುಖ್ಯವಾದದ್ದಾ? ಇಲ್ಲ, ತೆಗೆದು ಬಿಸಾಕೋ ಅಂಥದ್ದಾ?"

"ತುಂಬಾ ಮುಖ್ಯ ಆಂಟಿ! ನೀವಿಲ್ದೆ ದೇಹ ಬೆಳೆಯೋದೇ ಇಲ್ಲ!"

"ಅದನ್ನ ನಮ್ಮ ಯಜಮಾನರಿಗೂ ಒಂದ್ಸಲ ಕೇಳಿಸೋ ಹಾಗೆ ಹೇಳು," ಎಂದು ಒಳಗೆ ಕರೆದರು.

ಸಂಜೆಯ ಹೊತ್ತಿಗೆ ಮೆಟ್ಟಿಲ ಮೇಲೆ ದರ್ಬಾರೇ ಸೇರಿತ್ತು. ಎಲ್ಲರಿಗೂ ತಾವು ಏನು ಎಂದು ಗೊತ್ತಾಗಬೇಕು. ಮಾಲೀಕರು ಕೀಲಿಗೊಂಚಲು ಹಿಡಿದು ಬಂದರು.

"ನಾನು ಎಲ್ಲರನ್ನೂ ಆಳೋನು ಅಂತ ಕೇಳಿಸ್ತು. ಅದು ಸರಿನೇ. ಆದ್ರೆ ಬಟಾಣಿ ಅಂತ ಇನ್ನೇನೋ ಕೇಳಿಸ್ತಲ್ಲ?"

"ಅದು ಬೇರೆ ಪಾಠ ಸರ್," ಎಂದೆ. "ಕೃಷಿ."

ಅಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಊರಿಗೆಲ್ಲ ಒಂದೊಂದು ಪಟ್ಟ ಕಟ್ಟಿದೀರ. ಮನೆಯಲ್ಲಿ ಬೇಯಿಸಿ ಹಾಕೋಳು ಏನೂ ಅಲ್ವಾ? ನಾನು ಯಾರೇ, ಶಾಖನಾ?"

"ಛೆ, ಇಲ್ಲ ಅತ್ತೆ," ಎಂದರು ಅತ್ತಿಗೆ. "ಶಾಖ ನಿಮ್ಮ ಮಗ. ನೀವು ಒತ್ತಡ."

ಅಮ್ಮ ಯೋಚಿಸಿದಳು. "ಹೂಂ. ಒತ್ತಡ ಇಲ್ದೆ ಯಾವುದು ತಾನೇ ಆಗುತ್ತೆ," ಎಂದು ಒಳಗೆ ಹೋಗಿ ಎಲ್ಲರಿಗೂ ಟೀ ಇಟ್ಟಳು.

ಮೂರನೇ ಮಹಡಿಯವರು ಮಾತ್ರ ಸುಮ್ಮನೆ ನಿಂತಿದ್ದರು. ತಮ್ಮದೇ ಸದ್ದಿನಲ್ಲಿ ನಮ್ಮ ಪಾಠ ಅವರ ಕಿವಿಗೆ ಬಿದ್ದಿರಲಿಲ್ಲ; ತಮ್ಮ ಜಗಳ ಇಡೀ ಕಟ್ಟಡಕ್ಕೆ ಕೇಳಿಸುತ್ತದೆ ಎಂದು ಅವರಿಗೆ ಆವತ್ತೇ ಗೊತ್ತಾದದ್ದು. ಆದರೆ ಸಂಸತ್ತು ಎಂದ ಮೇಲೆ ಮಾಸ್ತರ ಬೆನ್ನು ನೆಟ್ಟಗಾಯಿತು. "ಹಾಗಾದ್ರೆ ನಾವು ಸ್ವಲ್ಪ ಘನತೆಯಿಂದ ನಡ್ಕೋಬೇಕು ಕಣೇ," ಎಂದು ಹೆಂಡತಿಗೆ ಹೇಳಿದರು. "ಮಕ್ಕಳು ನಮ್ಮನ್ನ ನೋಡಿ ಓದ್ತಾ ಇದಾರೆ."

ಆ ಮಾತಿನಿಂದಲೇ ನಮ್ಮ ಕೆಲಸ ಕೆಟ್ಟದ್ದು.

ಮರುದಿನದಿಂದ ಇಡೀ ಕಟ್ಟಡ ಒಳ್ಳೆಯದಾಗಿಹೋಯಿತು. ಮಾಲೀಕರು ಮನೆಮನೆಯ ಬಾಗಿಲು ತಟ್ಟಿ, "ಈಗ ನೀರು ಬಿಡಬಹುದಾ? ನಿಮಗೆ ಅನುಕೂಲವಾ?" ಎಂದು ಕೇಳತೊಡಗಿದರು. ಮಫ್ಲರ್ ಆಂಟಿ ಮಫ್ಲರ್ ತೆಗೆದು ಒಂದು ಸರ ಹಾಕಿಕೊಂಡು ಓಡಾಡಿದರು. ಈಗ ನೋಡಿದರೆ ಅದು ಎಲ್ಲರಿಗೂ ಇರುವಂಥದೇ ಒಂದು ಕುತ್ತಿಗೆ. ವಾಚ್‌ಮನ್ ಎದ್ದು ನಿಂತಿದ್ದರು! ಕಣ್ಣು ಅಗಲಿಸಿಕೊಂಡು, ಬಂದವರಿಗೂ ಹೋದವರಿಗೂ ಸಲಾಮು. ಮೂರನೇ ಮಹಡಿಯಲ್ಲಿ ಸ್ಮಶಾನ ಮೌನ. "ಟೀ ಬೇಕೇನ್ರೀ?" "ನೀನು ಕೊಟ್ರೆ ಕುಡೀತೀನಿ." "ಸಕ್ಕರೆ?" "ನಿನ್ನ ಇಷ್ಟ." ಕೇಳಿಸಿಕೊಂಡು ಅತ್ತಿಗೆ ಬಿಳಿಚಿಕೊಂಡರು.

ಆ ವಾರದ ಮಾಕ್ ಟೆಸ್ಟ್ ನೆಲಕಚ್ಚಿತು. ಸುಮ್ಮನೆ ಅಲ್ಲ, ಧೊಪ್ಪೆಂದು. ಸೆಂಟರಿನ ಹೊರಗೆ, ಸೈಕಲ್ ನಿಲ್ಲಿಸುವ ಜಾಗದಲ್ಲಿ, ಅತ್ತಿಗೆ ಪ್ಯಾಡು ಎದೆಗವಚಿಕೊಂಡು ನಿಂತಿದ್ದರು.

"ಪಿಟ್ಯುಟರಿ ಅಂತ ಓದಿದ ತಕ್ಷಣ ಮಾಲೀಕರು ಬಂದ್ರು ಕಣೇ," ಎಂದರು. "ಬಂದು ಕೈಮುಗಿದು, 'ನಿಮಗೆ ಹೇಗೆ ಅನುಕೂಲವೋ ಹಾಗೆ' ಅಂದ್ರು. ನಾನು 'ಉಳಿದ ಗ್ರಂಥಿಗಳ ಇಷ್ಟದಂತೆ ನಡೆಯುತ್ತದೆ' ಅನ್ನೋದಕ್ಕೆ ಕಪ್ಪು ಮಾಡಿ ಬಂದೆ."

ನನಗೆ ನಗು ಬಂತು. ನಗಬಾರದಿತ್ತು, ಆದರೂ ಬಂತು. ಅತ್ತಿಗೆಯ ಕಣ್ಣಲ್ಲಿ ನೀರು ನೋಡಿದ ಮೇಲೆ ಅರ್ಧದಲ್ಲೇ ನಿಂತಿತು.

"ಪೀನಿಯಲ್?" ಎಂದೆ.

"ಎಚ್ಚರವಾಗಿಡುತ್ತದೆ."

"ಅಯ್ಯೋ ದೇವರೇ. ಮಸೂದೆ?"

"ಚರ್ಚೆಯಿಲ್ಲದೆ ಅಂಗೀಕಾರ." ಅವರು ಮೂಗು ಒರೆಸಿಕೊಂಡರು. "ಬಿಟ್ಟುಬಿಡ್ತೀನಿ ಕಣೇ. ನನ್ನ ತಲೆ ಇಷ್ಟೇ. ನಂಗೇನು, ಕೌಂಟರ್ ಇದೆ. ಬಟ್ಟೆ ಕೊಡೋದು, ತಗೊಳ್ಳೋದು. ನೀನು ಓದು, ನೀನು ಅಧಿಕಾರಿ ಆಗು, ನಿನ್ನ ಕೋಟಿಗೆ ನಾನು ಇಸ್ತ್ರಿ ಹಾಕಿಸ್ತೀನಿ."

ತಮಾಷೆಗೇ ಹೇಳಿದ್ದು. ಆದರೆ ದಾರಿಯಲ್ಲಿ ಹಣ್ಣಿನಂಗಡಿಯವನು ಎಂದಿನಂತೆ, "ಅಕ್ಕಾ, ಮನೆಯವರು ಹೇಗಿದಾರೆ?" ಎಂದು ಕರೆದರೂ ತಿರುಗಲಿಲ್ಲ. ಅತ್ತಿಗೆ ಒಬ್ಬ ಮನುಷ್ಯನನ್ನು ನೋಡದೆ ದಾಟಿ ಹೋದದ್ದನ್ನು ನಾನು ಜೀವಮಾನದಲ್ಲಿ ಅದೇ ಮೊದಲು ಕಂಡದ್ದು.

ಮನೆಗೆ ಬಂದವಳೇ ನಾನು ಮೆಟ್ಟಿಲು ಹತ್ತಿ ಇಳಿದು ಎಲ್ಲರ ಬಾಗಿಲು ಬಡಿದೆ.

"ಸರ್, ದಯವಿಟ್ಟು ಮೊದಲಿನ ಹಾಗೆ ದರ್ಪ ಮಾಡಿ."

ಮಾಲೀಕರಿಗೆ ನೋವಾಯಿತು. "ನಾನು ಯಾವತ್ತಮ್ಮಾ ದರ್ಪ ಮಾಡಿದ್ದೆ?"

"ಆಂಟಿ, ಮಫ್ಲರ್ ಹಾಕ್ಕೊಳ್ಳಿ."

"ಸರ ಚೆನ್ನಾಗಿ ಕಾಣ್ತಾ ಇದೆ ಅಂತ ಇವರೇ ಅಂದಿದಾರೆ. ಮದುವೆ ಆದ ಮೇಲೆ ಇದೇ ಮೊದಲು ಕಣಮ್ಮ. ತೆಗೀಲಾ?"

ಬೇಡವೆಂದು ತಲೆಯಾಡಿಸಿ ಗೇಟಿಗೆ ಇಳಿದೆ. ವಾಚ್‌ಮನ್ ಅವರನ್ನು, "ಸ್ವಲ್ಪ ಹೊತ್ತು ಮಲಗಿ," ಎಂದು ಕೇಳಿಕೊಂಡೆ. ಅವರು ಎದೆಯುಬ್ಬಿಸಿ, "ಕರ್ತವ್ಯ ಮೇಡಂ," ಎಂದುಬಿಟ್ಟರು.

ಕೊನೆಗೆ ಮೂರನೇ ಮಹಡಿ. ನಾನು ನಡೆದದ್ದನ್ನೆಲ್ಲ ಹೇಳಿದೆ. ಅತ್ತಿಗೆಗೆ ಇದು ಕೊನೆಯ ಸಲ ಎಂದೆ. ಮಾಸ್ತರೂ ಅವರ ಹೆಂಡತಿಯೂ ಮುಖ ಮುಖ ನೋಡಿಕೊಂಡರು.

"ಅದಕ್ಕೇನಂತೆ, ಜಗಳ ತಾನೇ," ಎಂದರು ಮಾಸ್ತರು. "ನಾಳೆ ಬೆಳಗ್ಗೆ ಮೆಟ್ಟಿಲಲ್ಲೇ ಆಡ್ತೀವಿ. ನಿಮ್ಮ ಅತ್ತಿಗೆನ ಕರ್ಕೊಂಡು ಬಾ."

ಮರುದಿನ ರಜೆ. ಅತ್ತಿಗೆಯನ್ನು ಎಳೆದುಕೊಂಡು ಹೋಗಿ ಮೆಟ್ಟಿಲಲ್ಲಿ ಕೂರಿಸಿದೆ. ಸುದ್ದಿ ಹರಡಿ ಕೆಳಗಿನವರು ಮೇಲಿನವರು ಎಲ್ಲ ಬಂದಿದ್ದರು, ಅಮ್ಮ ಸೌಟು ಹಿಡಿದೇ ಬಂದಿದ್ದಳು. ಮಾಸ್ತರು ಗಂಟಲು ಸರಿಮಾಡಿಕೊಂಡರು.

"ನಾನು ಈಗ ಕೋಪಗೊಂಡಿದ್ದೇನೆ," ಎಂದರು.

"ನಾನು ಕೂಡ," ಎಂದರು ಹೆಂಡತಿ, ಅಂಗೈಯಲ್ಲಿ ಬರೆದುಕೊಂಡದ್ದನ್ನು ನೋಡಿ.

ಶಾಲೆಯ ನಾಟಕದಲ್ಲಿ ಮರ ಆದವರು ಇದಕ್ಕಿಂತ ಚೆನ್ನಾಗಿ ಮಾಡುತ್ತಾರೆ. ಅಣ್ಣ ಆಕಳಿಸಿದ. ಅತ್ತಿಗೆ ಏಳಲು ಹೊರಟರು.

"ಇರಿ ಇರಿ," ಎಂದರು ಮಾಸ್ತರು. "ವಿಷಯ ಇಲ್ದೆ ಜಗಳ ಬರಲ್ಲ. ಸುಮ್ನೆ ಏನಾದ್ರೂ ಒಂದು ಇಟ್ಕೊಳ್ಳೋಣ. ಹಾಂ, ಸೋಫಾ. ಒಂದು ಸೋಫಾ ತಗೋಬೇಕು ಅನ್ಕೊಂಡಿದೀನಿ."

"ಸುಮ್ನೆ ಯಾಕೆ? ನಿಜವಾಗ್ಲೂ ಬೇಕು. ನಾನು ಆಗ್ಲೇ ಒಂದು ನೋಡಿಟ್ಟಿದೀನಿ," ಎಂದರು ಹೆಂಡತಿ.

ಮಾಸ್ತರ ಬಲಗಾಲು ಬ್ರೇಕು ಒತ್ತಿತು. "ನೋಡಿಟ್ಟಿದೀಯಾ? ಯಾರನ್ನ ಕೇಳಿ?"

"ಕೂರೋಕೆ ಯಾರನ್ನ ಕೇಳ್ಬೇಕು?"

"ಯಾವ ಬಣ್ಣ?"

"ಹಸಿರು."

"ಹಸಿರಾ! ನಮ್ಮನೇನ ಪಾರ್ಕು ಮಾಡ್ತೀಯಾ?"

"ದಿನವಿಡೀ ಕೆಂಪು ದೀಪ ನೋಡಿ ನೋಡಿ ನಿಮ್ಮ ಕಣ್ಣು ಹೋಗಿದೆ! ಮನೆಗೆ ಬಂದಾಗಾದ್ರೂ ಹಸಿರು ನೋಡಿ!"

ಅತ್ತಿಗೆ ಮತ್ತೆ ಕೂತರು. ಅವರ ಬೆನ್ನು ನಿಧಾನವಾಗಿ ನೆಟ್ಟಗಾಯಿತು. "ಎರಡನೇ ವಾಚನ," ಎಂದು ಉಸುರಿದರು. ನನ್ನ ಮೊಣಕೈ ಹಿಡಿದ ಅವರ ಉಗುರು ಒಳಗಿಳಿಯಿತು.

ಎಲ್ಲಿಡುವುದು ಎನ್ನುವುದು ಚರ್ಚೆಯಾಯಿತು. ಕಿಟಕಿಯ ಪಕ್ಕ ಎನ್ನುವುದಕ್ಕೆ ತಿದ್ದುಪಡಿ ಬಂತು, ಗೋಡೆಯ ಪಕ್ಕ. ಹಳೆಯ ಕುರ್ಚಿಗಳನ್ನು ಏನು ಮಾಡುವುದು ಎಂಬ ಮಾತಿನಲ್ಲಿ ಮಾಸ್ತರ ಅಕ್ಕನ ವಿಷಯ ಬಂದು ಸದನದಲ್ಲಿ ಭಾರಿ ಗದ್ದಲವಾಯಿತು. ಕೊನೆಗೆ ಮಾಸ್ತರು ಕೈಚೆಲ್ಲಿ, "ಆಯ್ತಮ್ಮ, ಹಸಿರೇ ತಗೋ!" ಎಂದರು. ಇಬ್ಬರೂ ಏದುಸಿರು ಬಿಡುತ್ತಾ ಬಾಗಿಲ ಬಳಿಯ ಕುರ್ಚಿಯತ್ತ ತಿರುಗಿದರು.

ಅಜ್ಜಿ ಹೆಣೆಯುತ್ತಲೇ, "ಮತ್ತೊಂದ್ಸಲ ಯೋಚ್ನೆ ಮಾಡಿ," ಎಂದರು.

ಮತ್ತೆ ಜಗಳ, ಮೊದಲಿಗಿಂತ ಜೋರು. ಮತ್ತೆ ಹಸಿರು. ಮತ್ತೆ ಕುರ್ಚಿಯ ಮುಂದೆ. ಈ ಸಲ ಅಜ್ಜಿ ತುಟಿಯನ್ನೇ ಬಿಚ್ಚಲಿಲ್ಲ.

"ಈಗ ಒಪ್ಪಲೇಬೇಕು ಅಜ್ಜಿ!" ಅತ್ತಿಗೆ ಎದ್ದು ನಿಂತು ಕೂಗಿದರು.

ಅಜ್ಜಿ ಕನ್ನಡಕದ ಮೇಲಿಂದ ನೋಡಿದರು. "ಯಾಕಮ್ಮಾ ಒಪ್ಪಬೇಕು?"

"ವಾಪಸ್ ಕಳಿಸೋದು ಒಂದೇ ಸಲ! ಎರಡನೇ ಸಲ ಬಂದ್ರೆ ಬೇರೆ ದಾರಿ ಇಲ್ಲ!"

"ಹಾಗಂತ ಎಲ್ಲಿದೆ?"

"ಸಂವಿಧಾನದಲ್ಲಿದೆ ಅಜ್ಜಿ!"

ಅಜ್ಜಿ ಒಂದು ಸಾಲು ಹೆಣೆದು ಮುಗಿಸಿದರು. "ಅಲ್ಲೇ ಇದೆ ಅಂದ ಮೇಲೆ ಇನ್ನೇನು. ತಗೊಳ್ಳಿ."

ಚಪ್ಪಾಳೆ ಬಿತ್ತು. ಅದರ ನಡುವೆ ನೆಲಮಹಡಿಯಿಂದ ಧಡಧಡ ಮೆಟ್ಟಿಲು ಹತ್ತಿಕೊಂಡು ಮಾಲೀಕರು ಬಂದರು. ಮುಖ ಕೆಂಪು, ಕೀಲಿಗೊಂಚಲು ಗಲಗಲ. "ಯಾರ್ರೀ ಅದು ಸೋಫಾ ಅಂದಿದ್ದು? ನನ್ನ ಲಿಫ್ಟಿನಲ್ಲಿ ಸೋಫಾ? ಲಿಫ್ಟ್ ಇರೋದು ಜನ ಹೋಗೋಕೆ! ಅದರಲ್ಲಿ ಸೋಫಾ ಕಾಲಿಟ್ರೆ ಇಡೀ ಕಟ್ಟಡಕ್ಕೆ ನೀರು ಬಂದ್!"

"ಪಿಟ್ಯುಟರಿ!" ಎಂದು ಕಿರುಚಿದರು ಅತ್ತಿಗೆ, ಕಳೆದುಹೋದ ಮಗುವನ್ನು ಜಾತ್ರೆಯಲ್ಲಿ ಕಂಡವರಂತೆ.

ಗೇಟಿನಲ್ಲಿ ಯಾರೋ ಗಂಟೆ ಬಾರಿಸುತ್ತಲೇ ಇದ್ದರು. ಇಣುಕಿ ನೋಡಿದರೆ ವಾಚ್‌ಮನ್, ಇಷ್ಟು ದಿನ ಎಚ್ಚರವಿದ್ದ ಸುಸ್ತಿಗೆ, ಕುರ್ಚಿಯಲ್ಲಿ ತಲೆ ಹಿಂದಕ್ಕೆಸೆದು ಬಾಯಿ ತೆರೆದು ಮಲಗಿದ್ದರು. ಮಫ್ಲರ್ ಆಂಟಿ ಮಾತ್ರ ಸರ ತೆಗೆಯಲಿಲ್ಲ. "ಥೈರಾಯ್ಡ್ ನಾವು ಬೇರೆ ದಾರಿಯಲ್ಲಿ ನೋಡ್ಕೊಳ್ಳೋಣ ಬಿಡು," ಎಂದರು ಅತ್ತಿಗೆ. "ಪಾಪ, ಸರ ಅವರಿಗೆ ಒಪ್ಪುತ್ತೆ."

ಪರೀಕ್ಷೆಯ ದಿನ ನಮಗೆ ಬೇರೆ ಬೇರೆ ಕೋಣೆ. ಒಳಗೆ ಹೋಗುವ ಮುನ್ನ ಅತ್ತಿಗೆ ನನ್ನ ಕೆನ್ನೆ ಹಿಂಡಿ, "ಎಲ್ಲರೂ ಬಂದಿದಾರೆ ಕಣೇ, ಇಲ್ಲಿ," ಎಂದು ತಲೆ ಮುಟ್ಟಿ ತೋರಿಸಿದರು. ನನ್ನ ಪತ್ರಿಕೆಯ ಬಗ್ಗೆ ಹೇಳುವಂಥದ್ದೇನಿಲ್ಲ. ಎರಡು ಉತ್ತರ ತಳ್ಳಿಹಾಕಿ, ಉಳಿದ ಎರಡರಲ್ಲಿ ಮುಖಲಕ್ಷಣ ಚೆನ್ನಾಗಿದ್ದದ್ದನ್ನು ಆರಿಸಿದೆ. ತಪ್ಪಿಗೆ ಅಂಕ ಕಳೆಯುತ್ತಾರೆ ಎನ್ನುವುದು ಕೊನೆಯ ಪುಟದಲ್ಲಿ ನೆನಪಾಯಿತು.

ಹೊರಗೆ ಬಂದಾಗ ಅತ್ತಿಗೆ ಗೇಟಿನ ಹತ್ತಿರ ನಿಂತಿದ್ದರು. ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ. ಬಸ್ಸು ಹತ್ತಿ, ಸೀಟು ಸಿಕ್ಕು, ಎರಡು ನಿಲ್ದಾಣ ದಾಟಿದ ಮೇಲೆ ಬಾಯಿ ಬಿಟ್ಟರು.

"ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳ್ಬೇಡ."

"ಏನಾಯ್ತು ಅತ್ತಿಗೆ?"

"ಮೊದಮೊದಲು ಎಲ್ಲರೂ ಬಂದ್ರು. ಮಾಲೀಕರು ಬಂದ್ರು, ವಾಚ್‌ಮನ್ ಬಂದ್ರು. ಅಜ್ಜಿನೂ ಬಂದು ಒಂದು ಪ್ರಶ್ನೆಗೆ ಹೂಂ ಅಂದು ಹೋದ್ರು. ಆಮೇಲೆ ಬರ್ತಾ ಬರ್ತಾ ಯಾರೂ ಬರಲಿಲ್ಲ ಕಣೇ. ನಾನು ಕಾದೆ. ಕಾಯ್ತಾ ಪ್ರಶ್ನೆ ಓದಿದೆ. ಉತ್ತರ ಹಾಗೇ ಅಲ್ಲಿತ್ತು. ಯಾರ ಮುಖನೂ ಇಲ್ದೆ, ಬರೀ ಉತ್ತರ." ಅವರು ಕಿಟಕಿಯ ಕಡೆ ತಿರುಗಿದರು. "ನಂಗೇ ಗೊತ್ತಿತ್ತು. ನಂಗೆ!"

ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ನಾನು ಕಿರುಚಿದೆ. ಅತ್ತಿಗೆ ನನ್ನ ಬಾಯಿ ಮುಚ್ಚಿ, ತಾವೂ ಕಿರುಚಿದರು. ಕಂಡಕ್ಟರ್ ಬಂದು, "ಇಳೀಬೇಕಿತ್ತಾ?" ಎಂದು ಕೇಳಿದ.

ಕಟ್ಟಡದ ಗೇಟಿನಲ್ಲಿ ಎಲ್ಲರೂ ಸೇರಿದ್ದರು. ಫಲಿತಾಂಶವೇ ಬಂದಿರಬೇಕು ಎನ್ನುವ ಹಾಗೆ. ಯಾರೂ, "ಹೇಗೆ ಬರೆದಿರಿ?" ಎಂದು ಕೇಳಲಿಲ್ಲ.

"ನಾನು ಬಂದಿದ್ನಾ?" ಎಂದರು ಮಾಲೀಕರು.

"ಬಂದಿದ್ರಿ ಸರ್. ಶುರುವಿನಲ್ಲೇ," ಎಂದರು ಅತ್ತಿಗೆ.

"ಎಷ್ಟು ಅಂಕಕ್ಕೆ?"

"ನಾವು?" ಮಾಸ್ತರು ಹೆಂಡತಿಯನ್ನು ಮುಂದೆ ತಳ್ಳಿದರು.

"ಎರಡು ಸಲ!"

"ಒಂದು ನನ್ನಿಂದ, ಒಂದು ಇವರಿಂದ," ಎಂದು ಹೆಂಡತಿ ಎಲ್ಲರಿಗೂ ವಿವರಿಸಿದರು. "ಇಲ್ಲ, ಎರಡೂ ನನ್ನಿಂದಲೇ ಇರಬೇಕು," ಎಂದರು ಮಾಸ್ತರು. ಅಲ್ಲಿಂದ ಮುಂದುವರಿಯಿತು.

ಮಫ್ಲರ್ ಆಂಟಿ ಎಲ್ಲರ ಹಿಂದೆ, ಬೆರಳಿಗೆ ಸರ ಸುತ್ತಿಕೊಳ್ಳುತ್ತಾ ನಿಂತಿದ್ದರು. ಥೈರಾಯ್ಡ್ ಬಗ್ಗೆ ಒಂದೇ ಒಂದು ಪ್ರಶ್ನೆಯೂ ಬಂದಿರಲಿಲ್ಲ. ನನಗೆ ಗೊತ್ತಿತ್ತು, ಅತ್ತಿಗೆಗೂ ಗೊತ್ತಿತ್ತು.

"ನಿಮ್ಮದೇ ಕಷ್ಟ ಇದ್ದಿದ್ದು ಆಂಟಿ," ಎಂದರು ಅತ್ತಿಗೆ. "ಆದ್ರೂ ಬರೆದೆ."

ಆಂಟಿಯ ಮುಖ ನೋಡಬೇಕಿತ್ತು.

ಫಲಿತಾಂಶ ಬಂದದ್ದು ನಾವು ಯಾರೂ ಕಾಯದೇ ಇದ್ದ ಒಂದು ಮಧ್ಯಾಹ್ನ. ಅತ್ತಿಗೆ ಅಂಗಡಿಯಿಂದ ಬಂದು ಕಾಲು ತೊಳೆಯುತ್ತಿದ್ದರು. ನಾನು ಫೋನಿನಲ್ಲಿ ಹುಡುಕಿದೆ. ನನ್ನ ನಂಬರ್ ಇರಲಿಲ್ಲ. ಮತ್ತೊಂದು ಸಲ ನೋಡುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ, ಏಕೆಂದರೆ ಅಷ್ಟರಲ್ಲಿ ಕಣ್ಣು ಅತ್ತಿಗೆಯ ನಂಬರಿನ ಮೇಲೆ ಬಿದ್ದಿತ್ತು.

"ಓದು," ಎಂದರು ಅತ್ತಿಗೆ.

ಓದಿದೆ.

"ಇನ್ನೊಂದ್ಸಲ ಓದು."

ಓದಿದೆ. ಅಮ್ಮ ಫೋನು ಕಿತ್ತುಕೊಂಡು, ದೂರ ಹಿಡಿದು, ಕಣ್ಣು ಕಿರಿದು ಮಾಡಿ, ತಾನೂ ಓದಿದಳು. "ಹೌದು, ಇದೇ," ಎಂದಳು. ಅಣ್ಣ ಟಿವಿ ಆರಿಸಿದ, ಯಾರೂ ಹೇಳದೆ. ಅತ್ತಿಗೆ ಒದ್ದೆ ಕಾಲಲ್ಲೇ ನಡುಮನೆಯಲ್ಲಿ ಕೂತು ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡರೆ, ಬೆರಳ ಸಂದಿಯಿಂದ, "ನಿಂದು?" ಎಂದರು.

"ನಂದು ಹೋಯ್ತು! ನಂಗೆ ಇನ್ನೂ ವಯಸ್ಸು ಚೀಲದಷ್ಟಿದೆ ಅತ್ತಿಗೆ! ನೀವು ಏಳಿ!"

ಎಬ್ಬಿಸಿ ಕುಣಿಸಿದೆ. ಅಮ್ಮನನ್ನೂ ಎಳೆದುಕೊಂಡೆವು. "ಬಿಡ್ರೇ, ಸೊಂಟ," ಎನ್ನುತ್ತಲೇ ಅವಳೂ ಒಂದು ಸುತ್ತು ಬಂದಳು.

ಸುದ್ದಿ ಹೇಗೆ ಹೋಯಿತೋ, ಸ್ವಲ್ಪ ಹೊತ್ತಿನಲ್ಲಿ ಮೆಟ್ಟಿಲು ತುಂಬಿತು. ಸಿಹಿಯ ಡಬ್ಬಿಗಳು ಬಂದವು. ಯಾರಿಂದ ಎಷ್ಟು ಅಂಕ ಬಂತು ಎಂದು ಲೆಕ್ಕ ಶುರುವಾಯಿತು, ಲೆಕ್ಕ ವಾದವಾಯಿತು. ಮಾಲೀಕರು, ತಾವಿಲ್ಲದಿದ್ದರೆ ಏನೂ ನಡೆಯುತ್ತಿರಲಿಲ್ಲ ಎಂದರು. ಅಜ್ಜಿ, ಅಂಕಿತ ಹಾಕಿದ್ದು ಯಾರು ಎಂದು ಕೇಳಿದರು. ಅಮ್ಮ ಒತ್ತಡದ ಮಹತ್ವವನ್ನು ಮಫ್ಲರ್ ಆಂಟಿಗೆ ವಿವರಿಸುತ್ತಿದ್ದಳು. ಗಲಾಟೆ ತಾರಸಿಗೆ ಮುಟ್ಟಿತು.

ಅತ್ತಿಗೆ ಎಲ್ಲರಿಗೂ ಸಿಹಿ ಕೊಟ್ಟರು, ಎಲ್ಲರ ಕೈ ಹಿಡಿದರು. ಆಮೇಲೆ ಯಾವಾಗ ಒಳಗೆ ಹೋದರೋ ಕಾಣಲಿಲ್ಲ. ನಾನು ಹೋಗಿ ನೋಡಿದರೆ ಊಟದ ಮೇಜಿನ ಮುಂದೆ ಮೇನ್ಸ್‌ನ ಪುಸ್ತಕ ತೆರೆದು, ಬೆರಳಿಟ್ಟು ಓದುತ್ತಿದ್ದರು. ಹೊರಗೆ ಮಾಸ್ತರೂ ಅವರ ಹೆಂಡತಿಯೂ ಸಂಸತ್ತಿನ ಅಂಕ ಹಂಚಿಕೊಳ್ಳುವ ವಿಷಯದಲ್ಲಿ ಎರಡನೇ ವಾಚನಕ್ಕೆ ತಲುಪಿದ್ದರು.

ಅತ್ತಿಗೆ ಎದ್ದು ಹೋಗಿ ಬಾಗಿಲು ತೆರೆದರು.

"ಸ್ವಲ್ಪ ಮೆತ್ತಗೆ ಮಾತಾಡ್ತೀರಾ?" ಎಂದರು. "ಓದ್ಕೋಬೇಕು."

ಮೆಟ್ಟಿಲು ಗಪ್‌ಚಿಪ್. ಮಾಲೀಕರು ಕೀಲಿಗೊಂಚಲನ್ನು ಮುಷ್ಟಿಯಲ್ಲಿ ಅದುಮಿ ಹಿಡಿದರು. ಒಬ್ಬೊಬ್ಬರಾಗಿ ಚಪ್ಪಲಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಇಳಿಯತೊಡಗಿದರು. ತಿರುವಿನಲ್ಲಿ ಮಾಸ್ತರು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಅವರ ಮುಖದಲ್ಲಿ ಹೆಮ್ಮೆ ಹಿಡಿಸುತ್ತಿರಲಿಲ್ಲ.

"ನೋಡಿದ್ಯಾ, ಹೇಗೆ ಗದರಿಸಿದ್ರು! ಅಧಿಕಾರಿ ಅಂದ್ರೆ ಹಾಗೆ."